ಅಗಲ ಹಲಗೆಯ ಜಾಡು

ನನ್ನ ಅತ್ತಿಗೆ ನೋಟ್‌ಬುರ್ಗಾ ಟ್ಸುಡ್ರೆಲ್ ಗಿರಾಕಿಯ ಎತ್ತರ ಕೇಳುವುದಿಲ್ಲ, ಅನುಭವ ಕೇಳುವುದಿಲ್ಲ. ಅವನು ಮೆಟ್ಟಿಲಿಳಿಯುವುದನ್ನು ನೋಡುತ್ತಾಳೆ, ಅಷ್ಟೆ. ವಾಲ್‌ಮಾರ್ನ್ ಊರಿನಲ್ಲಿ ನಮ್ಮ ಬಾಡಿಗೆ ಸ್ಕೀ ಅಂಗಡಿ ರಸ್ತೆಗಿಂತ ಮೂರು ಮೆಟ್ಟಿಲು ಕೆಳಗಿದೆ. ಹಿಮ್ಮಡಿ ಊರಿ ಧಪಧಪನೆ ಇಳಿದವನಿಗೆ ಗಟ್ಟಿ ಸ್ಕೀ. ತುದಿಗಾಲಲ್ಲಿ ಇಳಿದವನಿಗೆ ಮೆತ್ತನೆಯದು. ಕಂಬಿ ಹಿಡಿದು ಅಡ್ಡಡ್ಡ ಇಳಿದವನಿಗೆ ಗಿಡ್ಡನೆಯದೊಂದು, ಜೊತೆಗೆ ಅವಳ ಕಡೆಯಿಂದ ಒಂದು ಸಣ್ಣ ಪ್ರಾರ್ಥನೆ. ಮೂರನೆಯ ಮೆಟ್ಟಿಲಿಗೆ ಅವನ ಕಾಲು ತಾಗುವ ಹೊತ್ತಿಗೆ ಅವಳ ಕೈ ಸರಿಯಾದ ಸ್ಕೀಯ ಮೇಲಿರುತ್ತದೆ. ಮೂವತ್ತನಾಲ್ಕು ಚಳಿಗಾಲಗಳಲ್ಲಿ ಆ ಕೈ ತಪ್ಪಿದ್ದನ್ನು ನಾನು ನೋಡಿದ್ದು ಎರಡೇ ಸಲ. ಎರಡೂ ಸಲ ಗಿರಾಕಿ ಕುಡಿದಿದ್ದ.

ತೂಕ ಕೇಳುವ ಕೆಲಸ ಅವಳ ಗಂಡ, ಅಂದರೆ ನನ್ನ ಅಣ್ಣ ಗೆಬ್‌ಹಾರ್ಡನದು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗು ಬಿದ್ದ ಕ್ಷಣದಲ್ಲಿ ಬೂಟನ್ನು ಬಿಟ್ಟುಕೊಡಬೇಕು, ಇಲ್ಲದಿದ್ದರೆ ಕಾಲು ತಿರುಚಿಹೋಗುತ್ತದೆ. ಅದರ ಸ್ಪ್ರಿಂಗನ್ನು ತೂಕಕ್ಕೆ ತಕ್ಕಂತೆ ತಿರುಗಿಸಿ ಅಣ್ಣ ಚೀಟಿಗೆ ಸಹಿ ಹಾಕಬೇಕು. ಹಾಗಾಗಿ ದಿನವಿಡೀ ಅವನ ಪಾಲಿಗೆ ಸುಳ್ಳು. ಎಂಥ ತೂಕದ ಮನುಷ್ಯನಾದರೂ ತೂಕದ ಪ್ರಶ್ನೆ ಬಂದಾಗ ಅವನ ಮಾತು ಮಾತ್ರ ಹಗುರ. ನನ್ನ ಪಾಲಿಗೆ ಬೂಟುಗಳು. ಬ್ಲೂಡೆಂಟ್ಸ್ ಪೇಟೆಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಎಂಟು ವರ್ಷ ನನಗೆ ವಿನಯ ಕಲಿಸಿದ್ದು ಕಂಡವರ ಪಾದದ ಬಳಿ ಕೂರುವುದಕ್ಕೇ ಇರಬೇಕು.

ಅಂಗಡಿ ಇರುವುದು ಸಮುದ್ರಮಟ್ಟದಿಂದ ಒಂಬೈನೂರ ಎಂಬತ್ತು ಮೀಟರ್ ಎತ್ತರದಲ್ಲಿ. ಇದು ಅತ್ತಿಗೆಯ ಜೀವನದ ದೊಡ್ಡ ಸಂಕಟ. ಸಾವಿರ ಮೀಟರ್ ದಾಟಿದ ಮೇಲೆ ನಮ್ಮ ಬೆಟ್ಟಗಳಲ್ಲಿ ಯಾರಿಗೂ ಬಹುವಚನವಿಲ್ಲ. ಮಂತ್ರಿಯಾದರೂ ನೀನು, ಬಿಷಪ್ಪನಾದರೂ ನೀನು. ಇನ್ನಿಪ್ಪತ್ತು ಮೀಟರ್ ಮೇಲೆ ಅಂಗಡಿ ಕಟ್ಟಿದ್ದರೆ ಮಾವನವರಿಗೆ ಏನು ರೋಗ ಬಂದಿತ್ತು ಎಂದು ಅವಳು ಆಗಾಗ ಗೊಣಗುತ್ತಾಳೆ. ಕೆಳಗೆ ಅವಳ ನಾಲಿಗೆಗೂ ಒಂದು ಬೈಂಡಿಂಗು, ಅದು ಎಷ್ಟು ಜೋರಾಗಿ ಬಿದ್ದರೂ ಬಿಚ್ಚುವಂತಿಲ್ಲ.

ಊರಿನ ಚರ್ಚಿನ ಅಂಗಳದಲ್ಲಿ ನಿಂತರೆ ಎದುರಿಗೆ ಸನ್ಯಾಸಿನಿ ಕೊರಕಲು ಕಾಣುತ್ತದೆ. ಕೇಬಲ್ ಕಾರಿನ ಮೇಲಿನ ನಿಲ್ದಾಣದ ಹಿಂದಿನಿಂದ ಹೊರಟು, ಅತ್ತಿಗೆ ಹುಟ್ಟಿದ ಮನೆಯ ಕೊಟ್ಟಿಗೆಯ ಬಳಿ ಮುಗಿಯುವ ಉತ್ತರದ ಇಳಿಜಾರು. ಬಿಸಿಲು ಸೋಕದ ಜಾಗ, ಆದ್ದರಿಂದ ಅಲ್ಲಿ ಪುಡಿಹಿಮ ಪುಡಿಯಾಗಿಯೇ ಉಳಿಯುತ್ತದೆ. ಅಲ್ಲಿ ಯಾರಾದರೂ ಇಳಿದರೆ ಅವರ ಜಾಡು ಮುಂದಿನ ಹಿಮ ಬೀಳುವವರೆಗೂ ಊರಿಗೆಲ್ಲ ಕಾಣುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ಸ್ಕೀ ಕ್ಲಬ್ಬಿನ ಮುದುಕರು ದಕ್ಷಿಣದ ಗೋಡೆಯ ಬೆಂಚಿನಲ್ಲಿ ಕೂತು ಆ ಜಾಡುಗಳನ್ನು ಓದುತ್ತಾರೆ. ಇದು ಇಂಥವನದು, ಅದು ಅವನ ಮಗಳದು, ಈ ತಿರುವು ಅವಸರದ್ದು, ಆ ತಿರುವು ಹೆದರಿದ್ದು. ಓದುವವರಲ್ಲಿ ಹಿರಿಯ ಫೀಡೆಲ್ ಮಾಮ. ನಲವತ್ತು ವರ್ಷ ಚರ್ಚಿನ ಗಂಟೆ ಹೊಡೆದವನು. ನಿಯಮ ಒಂದೇ: ತನ್ನ ಜಾಡನ್ನು ತಾನು ಹೇಳಿಕೊಳ್ಳುವಂತಿಲ್ಲ. ಮನೆಯವರೂ ಹೇಳುವಂತಿಲ್ಲ. ಜಾಡೇ ಹೇಳಬೇಕು. ಹೇಳಿಕೊಂಡವನನ್ನು ಆ ಚಳಿಗಾಲವಿಡೀ ಯಾರೂ ಮಾತಾಡಿಸುವುದಿಲ್ಲ ಎಂದೇನಲ್ಲ, ಆದರೆ ಮಾತಾಡಿಸುವಾಗ ನಗುತ್ತಾರೆ.

ಅತ್ತಿಗೆಯ ಜಾಡು ಊರಿಗೇ ಪ್ರಸಿದ್ಧವಾಗಿತ್ತು. ಎರಡು ಸ್ಕೀ, ಒಂದೇ ಗೆರೆ. ಮಂಡಿಗೆ ಮಂಡಿ ಅಂಟಿಸಿಕೊಂಡು ಹೆಣೆದ ಸಣ್ಣ ಜಡೆಯಂತೆ ಮೇಲಿಂದ ಕೆಳತನಕ. ಆ ಕಾಲದಲ್ಲಿ ಜಿಲ್ಲೆಯ ಪಂದ್ಯಗಳಲ್ಲಿ ಓಡುತ್ತಿದ್ದ ನನ್ನ ಅಣ್ಣ ಅವಳ ಮುಖಕ್ಕಿಂತ ಮೊದಲು ನೋಡಿದ್ದು ಆ ಜಾಡನ್ನು. "ಇದು ಯಾರ್ದು?" ಎಂದು ಬೆಂಚಿನಲ್ಲಿ ಕೇಳಿದನಂತೆ. "ಕೊಟ್ಟಿಗೆ ಮನೆ ಬುರ್ಗಾದು" ಎಂದರಂತೆ. ಮದುವೆಯಾಯಿತು, ಅಂಗಡಿಯಾಯಿತು. ಅಲ್ಲಿಂದ ಜಾಡು ಅಪರೂಪವಾಗುತ್ತಾ ಬಂದು ಕೊನೆಗೆ ನಿಂತಿತು. ಪುಡಿಹಿಮ ಬಿದ್ದ ದಿನವೇ ಅಂಗಡಿಯಲ್ಲಿ ನೂಕುನುಗ್ಗಲು. ಊರಿನವರೆಲ್ಲ ಮೇಲಿರುವಾಗ ಅವಳು ಕೆಳಗಿದ್ದು ಬೇರೆಯವರಿಗೆ ಸ್ಕೀ ಆರಿಸಿಕೊಡಬೇಕು. ಕೊನೆಯ ಸಲ ಬೆಂಚಿನ ಮುದುಕರು ಅವಳ ಹೆಸರು ಹೇಳಿದ್ದು ಹನ್ನೊಂದು ವರ್ಷದ ಹಿಂದೆ.

ಈಗ ಅವಳಿಗೆ ಅರವತ್ತೊಂದು. ಎಡ ಮಂಡಿ ಸವೆದಿದೆ. ಮಾರ್ಚ್ ಹನ್ನೆರಡಕ್ಕೆ ಅದನ್ನು ತೆಗೆದು ಲೋಹದ್ದು ಹಾಕುವುದೆಂದು ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದರು. ಆಮೇಲೆ ಸಮತಟ್ಟಾಗಿ ಒತ್ತಿದ ದಾರಿಯಲ್ಲಿ ಮೆಲ್ಲಗೆ ಹೋಗಬಹುದು, ಪುಡಿಹಿಮ ಮರೆತುಬಿಡಿ ಎಂದರು. ಅತ್ತಿಗೆ ಹೂಂ ಎಂದಳು. ಮನೆಗೆ ಬಂದು, "ಅದಕ್ಕೆ ಮುಂಚೆ ಒಂದ್ಸಲ ಕೊರಕಲು ಇಳೀತೀನಿ. ಒಂದೇ ಸಲ. ಆ ಬೆಂಚು ಇನ್ನೊಂದ್ಸಲ ನನ್ನ ಹೆಸರು ಹೇಳ್ಲಿ, ಆಮೇಲೆ ಈ ಮಂಡೀನ ಯಾರಿಗೆ ಬೇಕಾದ್ರೂ ಕೊಡ್ತೀನಿ" ಎಂದಳು. ಅಣ್ಣ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅವನು ಕೇಳಿಸಿಕೊಂಡಾಗ ತಲೆ ಎತ್ತುವುದಿಲ್ಲ.

ಆ ಚಳಿಗಾಲವೋ ಜಿಪುಣ ಚಳಿಗಾಲ. ಜನವರಿಯಲ್ಲಿ ಮಳೆ. ಫೆಬ್ರುವರಿಯ ಕೊನೆಯ ವಾರ, ಸೋಮವಾರ ಶುರುವಾದ ಹಿಮ ಮಂಗಳವಾರ ಸಂಜೆಗೆ ಸೊಂಟದವರೆಗೆ ಬಂತು. ಬುಧವಾರ, ಗುರುವಾರ ಹಿಮಕುಸಿತದ ಅಪಾಯವೆಂದು ಕೊರಕಲಿಗೆ ಹಗ್ಗ ಕಟ್ಟಿದ್ದರು. ಶುಕ್ರವಾರ ಒಂಬತ್ತಕ್ಕೆ ಹಗ್ಗ ತೆಗೆಯುತ್ತೇವೆಂದು ರಕ್ಷಣಾ ತಂಡದವರು ಹೇಳಿದರು. ಅದೇ ಶುಕ್ರವಾರ ಮಧ್ಯಾಹ್ನದಿಂದ ಫ್ಯೋನ್ ಗಾಳಿ ಎಂದು ರೇಡಿಯೊ ಹೇಳಿತು. ಆ ಬಿಸಿಗಾಳಿ ಒಂದು ಗಂಟೆ ಬೀಸಿದರೆ ಪುಡಿಹಿಮ ಅಂಟಾಗುತ್ತದೆ, ರಾತ್ರಿ ಕಳೆದರೆ ಕಲ್ಲಾಗುತ್ತದೆ. ಅಂದರೆ ಅತ್ತಿಗೆಗೆ ಉಳಿದದ್ದು ಒಂಬತ್ತರಿಂದ ಹನ್ನೆರಡು. ಇಡೀ ಚಳಿಗಾಲಕ್ಕೆ, ಇಡೀ ಮಂಡಿಗೆ, ಮೂರು ಗಂಟೆ.

"ಹೆಡ್ಡಿ, ಒಂಬತ್ತಕ್ಕೆ ನಾನು ಹೊರಡ್ತೀನಿ. ಅಂಗಡಿ ನೀನೇ ನೋಡ್ಕೊ" ಎಂದಳು ಬೆಳಿಗ್ಗೆ ತಿಂಡಿಗೆ ಮೆಕ್ಕೆಜೋಳದ ರೀಬೆಲ್ ಕಲಸುತ್ತಾ. ನನ್ನ ಹೆಸರು ಹೆಡ್‌ವಿಗ್. ಅವಳು ಕರೆಯುವುದು ಹೀಗೆ. ನಾನೂ ಒಪ್ಪಿಕೊಂಡಿದ್ದೇನೆ.

ಎಂಟೂ ಮುಕ್ಕಾಲಿಗೆ ಮೆಟ್ಟಿಲಿಳಿದು ಬಂದವರು ಡಾಕ್ಟರ್ ಓಟ್‌ಮಾರ್ ಫ್ಲೈಡರರ್. ಸ್ಟುಟ್‌ಗಾರ್ಟಿನವರು. ರೋಗಿಗಳ ಡಾಕ್ಟರಲ್ಲ, ನೀರಿನ ಪಂಪುಗಳ ಮೇಲೆ ಪ್ರಬಂಧ ಬರೆದು ಡಾಕ್ಟರ್ ಆದವರು. ಪ್ರತಿ ಮೆಟ್ಟಿಲಿನಲ್ಲೂ ಎರಡೂ ಕಾಲು ಜೋಡಿಸಿ ನಿಂತು ಆಮೇಲೆ ಮುಂದಿನದಕ್ಕೆ ಇಳಿದರು. ಅತ್ತಿಗೆಯ ಕೈ ಆಗಲೇ ಹೊರಟಿತ್ತು. ಅವರು ಜೇಬಿನಿಂದ ಕಾಗದವೊಂದನ್ನು ತೆಗೆದು ಬಿಡಿಸಿದರು. ಬಿಡಿಸಿದರು, ಇನ್ನೂ ಬಿಡಿಸಿದರು.

"ನನ್ನ ಪ್ರಶ್ನೆ ಇಷ್ಟೇ ಮೇಡಮ್" ಎಂದರು. "ಸೊಂಟ ನೂರಾ ಎಂಟಿರಬೇಕೋ ನೂರಾ ಹನ್ನೆರಡಿರಬೇಕೋ."

"ಯಾರ ಸೊಂಟ ಡಾಕ್ಟ್ರೇ?"

"ಸ್ಕೀದು. ಮಿಲಿಮೀಟರಲ್ಲಿ. ಹನ್ನೊಂದು ಅಂಕಣ ಮಾಡಿದೀನಿ ನೋಡಿ. ಅಗಲ, ಉದ್ದ, ತುದಿ ಎಷ್ಟು ಮೇಲಕ್ಕೆ ಬಾಗಿದೆ, ಬಾಲ ಎಷ್ಟು ಗಟ್ಟಿ. ಮೂರು ವಾರದ ಕೆಲಸ."

"ಪುಡಿಹಿಮದಲ್ಲಿ ಇದುವರೆಗೆ ಎಷ್ಟು ಸಲ ಇಳಿದಿದೀರಿ?"

"ಇನ್ನೂ ಇಲ್ಲ. ಅದಕ್ಕೇ ಮೊದಲ ಸಲವೇ ತಪ್ಪಬಾರದು ಅಂತ."

ಅತ್ತಿಗೆ ಗೋಡೆಯ ಗಡಿಯಾರ ನೋಡಿದಳು. ಒಂದು ಜೊತೆ ಇಳಿಸಿ ಅವರ ಎದೆಗೆ ಒರಗಿಸಿದಳು. "ಸೊಂಟ ನೂರು. ನಿಮ್ಮ ಮೂಗಿನ ತನಕ ಉದ್ದ. ಮುಂದಿನ ತುದಿ ಬಾಗಿದೆ, ತಾನಾಗೇ ಮೇಲೆ ತೇಲುತ್ತೆ. ಮೆತ್ತಗಿದೆ, ನಿಮ್ಮ ತಪ್ಪನ್ನ ಮನ್ನಿಸುತ್ತೆ. ಹೋಗ್ಬನ್ನಿ."

"ಆದ್ರೆ ಇಂಟರ್ನೆಟ್ಟಲ್ಲಿ ತಲೆಗಿಂತ ಉದ್ದ ಇರ್ಬೇಕು ಅಂತಾರೆ."

"ಇಂಟರ್ನೆಟ್ಟು ಮೆಟ್ಟಿಲಿಳಿಯೋದನ್ನ ನಾನು ನೋಡಿಲ್ಲ ಡಾಕ್ಟ್ರೇ. ನಿಮ್ಮನ್ನ ನೋಡಿದೀನಿ."

ಅವರು ಕಾಗದದಲ್ಲಿ ಏನೋ ಗುರುತು ಹಾಕಿಕೊಂಡು ಇನ್ನೊಂದು ಜೊತೆ ಕೇಳಿದರು. ಮತ್ತೊಂದು ಕೇಳಿದರು. ಪ್ರತಿಯೊಂದನ್ನೂ ಬೆರಳಿನಿಂದ ಬಗ್ಗಿಸಿ ನೋಡಿದರು, ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡಿದರು, ಒಂದನ್ನು ಮೂಸಿಯೂ ನೋಡಿದರೆಂದು ನನಗೆ ಅನುಮಾನ. ಅಷ್ಟರಲ್ಲಿ ಅವರ ಹೆಂಡತಿ ಆಲ್ಮುಟ್ ಬಂದರು. ಮೊದಲ ಮೆಟ್ಟಿಲು ಮುಟ್ಟಿದರು, ಉಳಿದೆರಡನ್ನು ಹಾರಿದರು.

"ಸ್ನೋಬೋರ್ಡು ಕೊಡಿ" ಎಂದರು. "ತೇಲೋ ಅಂಥದ್ದು. ಮೂಗು ಮುಳುಗಬಾರದು, ಹಿಂದಿನ ಕಾಲು ಉರಿಬಾರದು. ತೂಕ ಎಪ್ಪತ್ತೊಂದು."

ಬೋರ್ಡಿನ ಬೈಂಡಿಂಗಿಗೆ ಸ್ಪ್ರಿಂಗೂ ಇಲ್ಲ, ಚೀಟಿಯೂ ಇಲ್ಲ. ತೂಕವನ್ನು ಯಾರೂ ಕೇಳಿರಲಿಲ್ಲ. ನನ್ನ ಅಣ್ಣ ಗೌರವದಿಂದ ಪೆನ್ನು ಕೆಳಗಿಟ್ಟ. ಅತ್ತಿಗೆ ಉದ್ದ ಮೂಗಿನ, ಹಿಂದೆ ಹಕ್ಕಿಬಾಲದಂತೆ ಸೀಳಿದ ಬೋರ್ಡೊಂದನ್ನು ತೆಗೆದು, "ಎರಡೂ ಬೈಂಡಿಂಗು ಎರಡೆರಡು ತೂತು ಹಿಂದಕ್ಕೆ ಹಾಕು" ಎಂದು ಅಣ್ಣನಿಗೆ ಹೇಳಿದಳು. ನಾಲ್ಕು ನಿಮಿಷ. ಆಲ್ಮುಟ್ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಗಂಡನನ್ನು ನೋಡಿದರು. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಕಾದು ಕಾದು ಸವೆದ ನೋಟ ಅದು.

"ಓಟ್‌ಮಾರ್, ನಾನು ಮೇಲಿರ್ತೀನಿ" ಎಂದು ಹೊರಟೇಹೋದರು.

"ಇಂಥವರು ವರ್ಷಕ್ಕೆ ಒಬ್ರು" ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದಳು. "ದೇವ್ರು ಅವರಿಗೆ ಇಂಥ ಗಂಡನ್ನೇ ಯಾಕೆ ಗಂಟುಹಾಕ್ತಾನೋ."

ಒಂಬತ್ತೂ ಇಪ್ಪತ್ತು. ಡಾಕ್ಟರು ಐದನೆಯ ಜೊತೆಯ ಮೇಲಿದ್ದರು. ಅತ್ತಿಗೆ ಏಪ್ರನ್ ಬಿಚ್ಚಿ ಮೊಳೆಗೆ ತಗುಲಿಸಿದಳು. ಒಳಕೋಣೆಗೆ ಹೋಗಿ ತನ್ನ ಸ್ಕೀ ತಂದಳು.

ಇಲ್ಲಿ ನಮ್ಮವರ ಒಂದು ಹುಚ್ಚನ್ನು ಹೇಳಲೇಬೇಕು. ಅಂಗಡಿಯಲ್ಲಿ ಪುಡಿಹಿಮಕ್ಕೆಂದೇ ಮಾಡಿದ ಅಗಲ ಸ್ಕೀಗಳು ನಲವತ್ತು ಜೊತೆಯಿವೆ. ಅತಿಥಿಗಳಿಗೆ ಅದನ್ನೇ ಕೊಡುತ್ತೇವೆ, ಅದೇ ಸರಿ ಎಂದು ಪ್ರಮಾಣ ಮಾಡುತ್ತೇವೆ, ಅದು ನಿಜವೂ ಹೌದು. ಆದರೆ ವಾಲ್‌ಮಾರ್ನಿನಲ್ಲಿ ಹುಟ್ಟಿದ ಯಾವ ಪ್ರಾಣಿಯೂ ಅದರ ಮೇಲೆ ಕಾಲಿಡುವುದಿಲ್ಲ. ನಮ್ಮಲ್ಲಿ ಅದರ ಹೆಸರೇ ಅತಿಥಿ ಹಲಗೆ. ನಾವು ಮೂವತ್ತು ವರ್ಷದ ಹಿಂದಿನ, ರೂಲುಕಡ್ಡಿಯಷ್ಟು ಸಪೂರದ, ಕೈ ಮೇಲೆತ್ತಿದರೆ ಮಣಿಕಟ್ಟು ಮುಟ್ಟುವಷ್ಟು ಉದ್ದದ ಸ್ಕೀಗಳ ಮೇಲೆ ಹೋಗಿ ತೊಡೆಯವರೆಗೆ ಮುಳುಗಿ ಏದುಸಿರು ಬಿಡುತ್ತೇವೆ. ಯಾಕೆಂದರೆ ಸಪೂರ ಸ್ಕೀ ಮಾತ್ರ ಆ ಜಡೆಯಂಥ ಜಾಡು ಬಿಡುತ್ತದೆ, ಜಡೆಯನ್ನು ಮಾತ್ರ ಬೆಂಚು ಓದುತ್ತದೆ. ಅಗಲದ ಜಾಡಾದರೆ ಫೀಡೆಲ್ ಮಾಮ ದುರ್ಬೀನು ಇಳಿಸಿ "ಅತಿಥಿ" ಎಂದುಬಿಡುತ್ತಾನೆ. ಅಲ್ಲಿಗೆ ಮುಗಿಯಿತು.

ಅತ್ತಿಗೆ ತಂದದ್ದು ಅಂಥದೇ ಒಂದು ಜೊತೆ. ಅಣ್ಣ ಅದನ್ನು ಮೇಜಿನ ಮೇಲೆ ಮಲಗಿಸಿ ಬೈಂಡಿಂಗನ್ನು ಹೆಬ್ಬೆರಳಿನಿಂದ ಒತ್ತಿದ.

"ಇದರ ಸ್ಪ್ರಿಂಗ್ ಸತ್ತು ಹದಿನೈದು ವರ್ಷ ಆಯ್ತು" ಎಂದ. "ಬಿದ್ರೆ ಬಿಚ್ಚಲ್ಲ."

"ನಾನು ಬೀಳಲ್ಲ."

"ಎಲ್ಲಾ ಗಿರಾಕೀನೂ ಹಂಗೇ ಅನ್ನೋದು. ನಾನು ಸಹಿ ಹಾಕಲ್ಲ."

"ನಾನೇನು ಗಿರಾಕೀನಾ?"

"ಸಹಿ ಇಲ್ದೆ ಈ ಬಾಗಿಲು ದಾಟಿ ಯಾವ ಸ್ಕೀನೂ ಹೋಗಲ್ಲ. ಹಂಗಂತ ಬೋರ್ಡು ಬರ್ಸಿ ಹಾಕ್ಸಿದ್ದು ನೀನೇ."

ಬೋರ್ಡು ಗೋಡೆಯ ಮೇಲೆ ಇದ್ದೇ ಇತ್ತು. ಅತ್ತಿಗೆ ಅದನ್ನು ಸಿಟ್ಟಿನಿಂದ ನೋಡಿದಳು. ಅಣ್ಣ ಎದ್ದು ಕಿತ್ತಳೆ ಬಣ್ಣದ ಒಂದು ಜೊತೆ ತಂದು ಅವಳ ಮುಂದೆ ನಿಲ್ಲಿಸಿದ. ಸೊಂಟ ನೂರಾ ಆರು. ನಮ್ಮ ಅಂಗಡಿಯಲ್ಲಿ ಹೆಂಗಸರ ಅಳತೆಯಲ್ಲಿ ಅದಕ್ಕಿಂತ ಅಗಲದ್ದಿಲ್ಲ. ಸ್ವಂತ ತಮ್ಮನ ಮಗ ಅಗಲ ಸ್ಕೀ ಕೊಂಡಾಗ ಮೂರು ವಾರ ಅವನೊಂದಿಗೆ ಮಾತು ಬಿಟ್ಟಿದ್ದ ಮನುಷ್ಯ ಇವನು.

"ಇದಾ?" ಎಂದಳು ಅತ್ತಿಗೆ.

"ಮುಳುಗಲ್ಲ. ಮಂಡಿ ತಿರುಚೋ ಕೆಲ್ಸ ಇಲ್ಲ. ಸುಮ್ನೆ ನಿಂತ್ಕೊ, ಅದೇ ತಿರುಗುತ್ತೆ."

"ಇದ್ರ ಜಾಡನ್ನ ಆ ಬೆಂಚು ಏನಂತ ಓದುತ್ತೆ ಅಂತ ಗೊತ್ತಾ ನಿಂಗೆ?"

"ನಿನ್ನ ಕಾಲು ಮುರಿದ್ರೆ ನಂಗೆ ಅಡುಗೆ ಬರಲ್ಲ."

ಮೂವತ್ತೈದು ವರ್ಷದಲ್ಲಿ ಅವನು ಅವಳಿಗೆ ಹೇಳಿದ ಪ್ರೀತಿಯ ಮಾತುಗಳಲ್ಲಿ ಇದು ಎರಡನೆಯದೋ ಮೂರನೆಯದೋ ಇರಬೇಕು. ಅವಳಿಗೆ ಹಾಗೆ ಕೇಳಿಸಲಿಲ್ಲ.

ಆಮೇಲೆ ನಡೆದದ್ದನ್ನು ಬರೆಯಲು ನನಗೆ ಈಗಲೂ ತಾಳ್ಮೆ ಸಾಲದು. ಮೂವತ್ತನಾಲ್ಕು ವರ್ಷ ಗಿರಾಕಿಗಳ ಯಾವ ಯಾವ ಚೇಷ್ಟೆಗೆ ಈ ಹೆಂಗಸು ಹಲ್ಲು ಕಡಿದಿದ್ದಳೋ ಅವನ್ನೆಲ್ಲ ಒಂದೂ ಬಿಡದೆ ತಾನೇ ಮಾಡಿದಳು. ಕಿತ್ತಳೆ ಬೇಡ, ದೂರಕ್ಕೆ ಕಾಣುತ್ತೆ ಎಂದಳು. ಕಪ್ಪು ತಂದರೆ ಅದು ತೀರಾ ಗಿಡ್ಡ ಎಂದಳು. ನಡುವಿನದೊಂದು ಕೊಡು, ಎಂಬತ್ತನಾಲ್ಕರದು, ದೂರದಿಂದ ಸಪೂರ ಕಾಣಬಹುದು ಎಂದಳು. ಎಂಬತ್ತನಾಲ್ಕು ಅತ್ತ ಮುಳುಗುವುದಕ್ಕೂ ಇಲ್ಲ, ಇತ್ತ ತೇಲುವುದಕ್ಕೂ ಇಲ್ಲ ಎಂದು ಗಿರಾಕಿಗಳಿಗೆ ದಿನವೂ ಹೇಳುವವಳು ಇವಳೇ.

"ಅತ್ತಿಗೆ, ಗಂಟೆ ಒಂಬತ್ತೂ ಮುಕ್ಕಾಲು" ಎಂದೆ.

"ನೀನು ಸುಮ್ನಿರೇ. ಯೋಚ್ನೆ ಮಾಡೋಕೆ ಬಿಡು."

ಆಗ ಡಾಕ್ಟರ್ ಫ್ಲೈಡರರ್ ತಮ್ಮ ಕಾಗದದಿಂದ ತಲೆ ಎತ್ತಿದರು. "ಕ್ಷಮಿಸಿ, ನಾನು ಕೇಳಿಸಿಕೊಂಡೆ. ಮೇಡಮ್ಮವರ ಎತ್ತರ, ವಯಸ್ಸು, ಮಂಡಿಯ ಸ್ಥಿತಿ ಹಾಕಿ ಲೆಕ್ಕ ಮಾಡಿದೆ. ಆರನೇ ಅಂಕಣದ ಪ್ರಕಾರ ನೂರಾ ಆರೇ ಬರುತ್ತೆ. ಕಿತ್ತಳೇದು."

ಅತ್ತಿಗೆ ಅವರತ್ತ ತಿರುಗಿದಳು. ತುಟಿಯವರೆಗೆ ಬಂದ ಏಕವಚನ ಇಪ್ಪತ್ತು ಮೀಟರ್ ಎತ್ತರದ ಕೊರತೆಯಿಂದ ಅಲ್ಲೇ ನಿಂತಿತು. "ನೀವು ನಿಮ್ಮದನ್ನ ಆರಿಸ್ಕೊಳ್ಳಿ ಡಾಕ್ಟ್ರೇ" ಎಂದಳು. "ನಿಮ್ಮ ಹೆಂಡ್ತಿ ಮೇಲೆ ಕಾಯ್ತಾ ಇದಾರೆ."

"ಅವಳಿಗೆ ಅಭ್ಯಾಸ ಇದೆ."

ಅತಿ ದೊಡ್ಡ ಅವಮಾನವೆಂದರೆ ಅವರು ಸರಿಯಾಗಿಯೇ ಹೇಳಿದ್ದರು. ಅದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂದು ನಮಗೆ ಗೊತ್ತಿತ್ತು. ಇನ್ನೂ ಹತ್ತು ನಿಮಿಷ ಸುಮ್ಮನೆ ಹಾಳು ಮಾಡಿ, ಕೊನೆಗೆ ಕಿತ್ತಳೆ ಜೊತೆಯನ್ನು ಮೇಜಿನ ಮೇಲೆ ಧಡ್ಡನೆ ಇಟ್ಟಳು. ಅಣ್ಣ ಚೀಟಿ ತೆಗೆದ.

"ತೂಕ?"

"ಅರವತ್ತೆರಡು."

"ಯಾವ ವರ್ಷದ್ದು?"

ಡಾಕ್ಟರು ಕೆಮ್ಮಿದರು. ನಾನು ಬೂಟಿನ ಲೇಸು ನೋಡಿಕೊಂಡೆ. ಅತ್ತಿಗೆ ಸ್ವಲ್ಪ ಹೊತ್ತು ಸೂರು ನೋಡಿದಳು. "ಎಪ್ಪತ್ನಾಲ್ಕು. ಬರ್ಕೊ. ಸ್ಕ್ರೂ ತಿರುಗಿಸು. ದೊಡ್ಡದಾಗಿ ಬರಿಬೇಡ."

ಅವನು ಸ್ಪ್ರಿಂಗನ್ನು ತೂಕಕ್ಕಿಂತ ಇನ್ನೂ ಒಂದು ಗೆರೆ ಸಡಿಲ ಮಾಡಿದ್ದನ್ನು ನಾನು ನೋಡಿದೆ. ಅವಳು ನೋಡಲಿಲ್ಲ. ಸಹಿ ಬಿತ್ತು. ಹತ್ತೂ ಕಾಲಿಗೆ ಅವಳು ಆ ಮೂರು ಮೆಟ್ಟಿಲನ್ನು ಹತ್ತಿ ಹೊರಟಳು, ಎಡಗಾಲನ್ನು ಎಳೆದುಕೊಂಡು, ಅತಿಥಿ ಹಲಗೆಗಳನ್ನು ಹೆಗಲಿಗೆ ಹಾಕಿಕೊಂಡು, ಕಿತ್ತಳೆ ಬದಿ ಕಾಣದಂತೆ ಒಳಕ್ಕೆ ತಿರುಗಿಸಿಕೊಂಡು. ಡಾಕ್ಟರು ಕೊನೆಗೆ ಮೊದಲಿನ ನೂರರ ಜೊತೆಯನ್ನೇ ತೆಗೆದುಕೊಂಡು ಅವಳ ಹಿಂದೆಯೇ ಓಡಿದರು.

ಮೇಲೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಕೇಬಲ್ ಕಾರಿನಲ್ಲಿ ಡಾಕ್ಟರು ಅವಳ ಪಕ್ಕದಲ್ಲೇ ನಿಂತರಂತೆ. ಸಾವಿರ ಮೀಟರಿನ ಮೊದಲನೆಯ ಕಂಬ ದಾಟಿದ ಕೂಡಲೇ, "ಓಟ್‌ಮಾರ್, ಈಗ ಕೇಳು" ಎಂದು ಶುರು ಮಾಡಿ, ಎರಡನೆಯ ಕಂಬದವರೆಗೆ ಉಸಿರು ಬಿಡದೆ ಅವನ ಕಾಗದ, ಅಂಕಣ, ಮೆಟ್ಟಿಲಿಳಿಯುವ ರೀತಿ, ಹೆಂಡತಿಯನ್ನು ಕಾಯಿಸುವ ಚಾಳಿ ಎಲ್ಲದರ ಬಗ್ಗೆ ಅನಿಸಿದ್ದನ್ನು ಹೇಳಿದಳಂತೆ. ಅವನು ಗಮನವಿಟ್ಟು ಕೇಳಿ, "ಕೊನೆಯ ಅಂಶ ಆಲ್ಮುಟ್ ಕೂಡ ಹೇಳ್ತಾಳೆ ಬುರ್ಗಾ" ಎಂದನಂತೆ.

ನಾನು ಬಾಗಿಲಿಗೆ 'ಈಗ ಬಂದೆ' ಫಲಕ ಹಾಕಿ, ಚರ್ಚಿನ ಅಂಗಳಕ್ಕೆ ಹೋಗಿ ದುರ್ಬೀನು ಹಿಡಿದು ನಿಂತೆ. ಅಣ್ಣ ಬರಲಿಲ್ಲ. ಕೆಲಸವಿದೆ ಎಂದ. ಆದರೆ ಕೆಲಸದ ಮೇಜನ್ನು ಕಿಟಕಿಯ ಬಳಿಗೆ ಎಳೆದುಕೊಂಡಿದ್ದ.

ಕೊರಕಲು ಬಿಳಿಯ ಹಾಳೆಯಂತೆ ಬಿದ್ದಿತ್ತು. ನಮ್ಮವರು ಯಾರೂ ಇನ್ನೂ ಇಳಿದಿರಲಿಲ್ಲ. ಪಕ್ಕದೂರಿನ ಪಂದ್ಯಕ್ಕೆ ಹೋಗಿದ್ದರು. ಹನ್ನೊಂದಕ್ಕೆ ಮೇಲಿನ ಅಂಚಿನಲ್ಲಿ ಮೂರು ಚುಕ್ಕೆಗಳು ಕಂಡವು. ಒಂದು ಚುಕ್ಕೆ ಹೊರಟಿತು, ಒಂದು ಮಾರು ಹೋಗುವ ಮೊದಲೇ ಮಾಯವಾಯಿತು, ಹಿಮದಿಂದ ಎದ್ದು ತಿರುಗಿ ಮೇಲಕ್ಕೆ ಹತ್ತತೊಡಗಿತು. ಡಾಕ್ಟರು. ಎರಡನೆಯ ಚುಕ್ಕೆ ಹೊರಟಿತು.

ಮೊದಲೆರಡು ತಿರುವು ಹಳೆಯ ಬುರ್ಗಾ: ಮಂಡಿ ಅಂಟಿಸಿಕೊಂಡು, ಸಣ್ಣದಾಗಿ, ಒತ್ತಿ ಒತ್ತಿ. ಅಗಲ ಸ್ಕೀಗೆ ಅದು ಹಿಡಿಸುವುದಿಲ್ಲ, ನನಗೂ ಗೊತ್ತು. ಮೂರನೆಯ ತಿರುವಿನಲ್ಲಿ ಅವಳು ಎಡಕ್ಕೆ ಹೋಗಿ ಏನೋ ಒಂದು ಥರ ತಡವರಿಸಿದಳು. ದುರ್ಬೀನು ಜಾರಿ ಬರೀ ಆಕಾಶ ಕಂಡಿತು. ಮತ್ತೆ ಹುಡುಕಿದಾಗ ಅವಳು ಕಾಲುಗಳನ್ನು ಬಿಡಿಸಿ ನಿಂತಿದ್ದಳು. ಸುಮ್ಮನೆ ನಿಂತಿದ್ದಳು, ಸ್ಕೀ ತಾನೇ ತಿರುಗುತ್ತಿತ್ತು. ಉದ್ದ ಉದ್ದದ, ಸೋಮಾರಿ ತಿರುವುಗಳು. ಹಿಮ ಮಂಡಿಯಿಂದ ಮೇಲಕ್ಕೆ ಹೊಗೆಯಂತೆ ಏಳುತ್ತಿತ್ತು. ಕೊಟ್ಟಿಗೆಯವರೆಗೆ ಎಲ್ಲೂ ನಿಲ್ಲಲಿಲ್ಲ. ಹಿಂದೆಯೇ ಆಲ್ಮುಟ್ ಬೋರ್ಡಿನ ಮೇಲೆ, ಅವಳ ಜಾಡಿನ ಪಕ್ಕಕ್ಕೆ ಒಂದೇ ಗೆರೆ ಎಳೆದುಕೊಂಡು ಬಂದರು. ಅರ್ಧ ಗಂಟೆಯಲ್ಲಿ ಗಾಳಿ ಬಿಸಿಯಾಯಿತು.

ಅತ್ತಿಗೆ ಅಂಗಡಿಗೆ ಬಂದು ಬೆಂಚಿನಲ್ಲಿ ಕೂತು ನನ್ನತ್ತ ಕಾಲು ಚಾಚಿದಳು. ಬೂಟು ಕಳಚಿದೆ. ಮುಖ ಕೆಂಪಗಿತ್ತು. ಸಂತೋಷವೆಂದುಕೊಂಡೆ. ಸಿಟ್ಟು.

"ಮೂವತ್ತು ವರ್ಷ" ಎಂದಳು. "ಮೂವತ್ತು ವರ್ಷ ಸುಮ್ಸುಮ್ನೆ ಮುಳುಗಿದೀವಿ ಕಣೇ ಹೆಡ್ಡಿ. ಇಂಥದ್ದನ್ನ ದಿನಾ ಕೈಯಾರೆ ಕಂಡೋರಿಗೆಲ್ಲ ಕೊಟ್ಕೊಂಡು."

ಭಾನುವಾರ ಪೂಜೆ ಮುಗಿಯಿತು. ಫ್ಯೋನ್ ಗಾಳಿಯ ಮೇಲೆ ಚಳಿ ಬಿದ್ದು ಕೊರಕಲಿನ ಜಾಡುಗಳು ಗಾರೆಯಲ್ಲಿ ಕೊರೆದಂತೆ ನಿಂತಿದ್ದವು. ಎರಡೇ ಜಾಡು. ಬೆಂಚಿನಲ್ಲಿ ನಾಲ್ವರು ಮುದುಕರು. ನಾವು ಮೂವರೂ ಬೇರೆ ಏನೋ ಕೆಲಸವಿದ್ದವರಂತೆ ಹತ್ತಿರದಲ್ಲೇ ನಿಂತೆವು. ಫ್ಲೈಡರರ್ ದಂಪತಿಯೂ ಅಲ್ಲಿದ್ದರು.

ಫೀಡೆಲ್ ಮಾಮ ದುರ್ಬೀನು ಏರಿಸಿದ. ಬಹಳ ಹೊತ್ತು ನೋಡಿದ. "ಒಂದು ಬೋರ್ಡು" ಎಂದ. "ಒಂದು ಅಗಲ ಹಲಗೆ. ಅತಿಥಿಗಳು."

ಅತ್ತಿಗೆ ಕೈಚೀಲದ ಗುಂಡಿ ಹಾಕಿದಳು, ತೆಗೆದಳು.

"ಗಂಡ ಹೆಂಡ್ತಿ ಇರ್ಬೇಕು" ಎಂದ ಇನ್ನೊಬ್ಬ. "ಜೊತೇಲೇ ಬಂದಿದಾರೆ."

"ಆದ್ರೂ ಅಗಲ ಹಲಗೆಯೋನು ಪರವಾಗಿಲ್ಲ" ಎಂದ ಫೀಡೆಲ್ ಮಾಮ. "ಕೆಳಗಡೆ ಏನು ಚೆನ್ನಾಗಿ ಬಿಟ್ಟಿದಾನೆ ನೋಡು. ಅವಸರ ಇಲ್ಲ. ಅತಿಥಿಗಳಲ್ಲಿ ಇಂಥದ್ದನ್ನ ನಾನು ನೋಡಿಲ್ಲ." ಕಣ್ಣು ಡಾಕ್ಟರ ಮೇಲೆ ಬಿತ್ತು. "ನಿಮ್ಮದಾ ಸ್ವಾಮಿ?"

ಡಾಕ್ಟರ ಮುಖದಲ್ಲಿ ಒಂದು ಕ್ಷಣ ಎಂಥ ಆಸೆ ಹೊಳೆಯಿತೆಂದರೆ, ನನಗೆ ಆ ಮನುಷ್ಯನ ಮೇಲೆ ಮೊದಲ ಬಾರಿ ಕರುಣೆ ಬಂತು. ಆದರೆ ಹನ್ನೊಂದು ಅಂಕಣ ಬರೆಯುವವನ ಕೈಯಲ್ಲಿ ಸುಳ್ಳು ಹೇಳಲಾಗುವುದಿಲ್ಲ. "ಇಲ್ಲ" ಎಂದರು. "ನಾನು ಮೇಲೇ ಬಿದ್ದು, ಕೇಬಲ್ ಕಾರಲ್ಲಿ ವಾಪಸ್ ಬಂದೆ. ಬೋರ್ಡು ನನ್ನ ಹೆಂಡತೀದು."

"ಹಂಗಾದ್ರೆ ಸ್ಕೀ ಯಾರ್ದು?"

ಆಲ್ಮುಟ್ ಅತ್ತಿಗೆಯತ್ತ ನೋಡಿದರು, ಬಾಯಿ ತೆರೆದರು. ಅತ್ತಿಗೆ ಸಣ್ಣದಾಗಿ ತಲೆಯಾಡಿಸಿ ತಡೆದಳು. ಬೆಂಚು ಊಹೆಗಿಳಿಯಿತು. ಒಬ್ಬ ಡಚ್ಚರವನೆಂದ, ಇನ್ನೊಬ್ಬ ಡಚ್ಚರಿಗೆ ಅಷ್ಟು ಬರುವುದಿಲ್ಲವೆಂದ. ಊರಿನ ಒಂದು ಹೆಸರೂ ಯಾರ ಬಾಯಲ್ಲೂ ಬರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ಅತ್ತಿಗೆ "ಅಡುಗೆಗೆ ಹೊತ್ತಾಯ್ತು" ಎಂದು ತಿರುಗಿದಳು.

"ಬುರ್ಗಾದು" ಎಂದ ನನ್ನ ಅಣ್ಣ.

ಬೆಂಚಿನ ನಾಲ್ವರೂ ಅವನತ್ತ ತಿರುಗಿದರು. ಮನೆಯವರು ಹೇಳುವಂತಿಲ್ಲ. ಹೇಳಿದವನು ಕ್ಲಬ್ಬಿನ ಹಿಂದಿನ ಅಧ್ಯಕ್ಷ, ಅತಿಥಿ ಹಲಗೆ ಎಂಬ ಹೆಸರನ್ನೇ ಹುಟ್ಟಿಸಿದವನು. ಅವನ ಕಿವಿ ಕೆಂಪಾಗಿತ್ತು.

"ಏನಂದೆ ಗೆಬ್‌ಹಾರ್ಡ್?" ಎಂದ ಫೀಡೆಲ್ ಮಾಮ.

"ನನ್ನ ಹೆಂಡ್ತೀದು ಅಂದೆ. ನೂರಾ ಆರು. ಸ್ಪ್ರಿಂಗ್ ತಿರುಗಿಸಿ ಸಹಿ ಹಾಕಿದ್ದು ನಾನೇ. ನಗೋದಿದ್ರೆ ನಗಿ."

ಯಾರೂ ನಗಲಿಲ್ಲ. ಫೀಡೆಲ್ ಮಾಮ ಮತ್ತೆ ದುರ್ಬೀನು ಏರಿಸಿ ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದ. "ಹೌದು ಕಣಯ್ಯಾ" ಎಂದ ಕೊನೆಗೆ. "ಮೇಲಿನೆರಡು ತಿರುವು ಕೊಟ್ಟಿಗೆ ಮನೆಯದೇ. ನಾನು ಅಗಲ ನೋಡಿ ಅಲ್ಲಿಗೇ ಬಿಟ್ಟೆ. ಬುರ್ಗಾ, ಚೆನ್ನಾಗಿದೆ."

ಅತ್ತಿಗೆ ನಿಂತಲ್ಲೇ ನಿಂತಿದ್ದಳು. ಗಂಡನ ಕಡೆ ನೋಡಿದಳು. ಏನಾದರೂ ಮೆತ್ತಗಿನ ಮಾತು ಬರುವಂತಿತ್ತು, ಅಷ್ಟರಲ್ಲಿ ಅವನೇ ಬಾಯಿ ಬಿಟ್ಟ.

"ಮೂರನೇ ತಿರುವು ಮಾತ್ರ ಕೆಟ್ಟದಾಗಿದೆ" ಎಂದ.

"ಏನು?"

"ಮೂರನೇದು. ಭಾರ ಹಿಂದಕ್ಕೆ ಬಿಟ್ಟು ಕೂತಿದೀಯ."

"ಅಲ್ಲಿ ಕಲ್ಲಿತ್ತು."

"ಕಲ್ಲು ಆ ಕಡೆ ಇರೋದು."

ಮನೆಯವರೆಗೂ ಅದೇ. ಊಟಕ್ಕೆ ಕ್ನ್ಯೋಪ್ಫ್ಲೆ, ಚೀಸು ಹಾಕಿದ ಹಿಟ್ಟಿನ ಸಣ್ಣ ಉಂಡೆಗಳು, ಬಡಿಸುವಾಗಲೂ ಅದೇ. ಅವನ ತಟ್ಟೆಗೆ ಹುರಿದ ಈರುಳ್ಳಿ ಬೀಳಲಿಲ್ಲ. ಹತ್ತು ದಿನ ಅಂಗಡಿಯಲ್ಲಿ, ಗಿರಾಕಿಗಳ ಮುಂದೆ, ನನ್ನ ತಲೆಯ ಮೇಲಿಂದ ಆ ಕಲ್ಲನ್ನು ಇಬ್ಬರೂ ಎಡಕ್ಕೂ ಬಲಕ್ಕೂ ಎಸೆದಾಡಿದರು. ಆ ಹತ್ತು ದಿನದಲ್ಲಿ ಊರಿನ ಆರು ಜನ, ಯಾರೂ ನೋಡದ ಹೊತ್ತು ನೋಡಿಕೊಂಡು ಬಂದು, ಅಗಲದ್ದೊಂದು ಜೊತೆ ಸುಮ್ಮನೆ ಕೈಯಲ್ಲಿ ಹಿಡಿದು ನೋಡಿ ಹೋದರು.

ಮಾರ್ಚ್ ಹನ್ನೆರಡರ ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸಮ್ಮ ಶಾಯಿಯ ಪೆನ್ನು ಹಿಡಿದು, ಗುರುತು ಹಾಕಬೇಕು, ಯಾವ ಮಂಡಿ ಎಂದು ಕೇಳಿದಳು. ಅತ್ತಿಗೆ ಎಡಗಾಲು ಮುಂದೆ ಮಾಡಿದಳು.

"ಇದೇ. ಆದ್ರೆ ಮೂರನೇ ತಿರುವಿಗೆ ಇದು ಕಾರಣ ಅಲ್ಲ ಅಂತ ಬರ್ಕೊಳಿ. ಅಲ್ಲಿ ಕಲ್ಲಿತ್ತು."

ನರ್ಸಮ್ಮ ನನ್ನ ಮುಖ ನೋಡಿದಳು. ಅಣ್ಣ ಅತ್ತಿಗೆಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ನಿಂತಿದ್ದ.

"ಕಲ್ಲು ಇನ್ನೂ ನಾಲ್ಕು ಮೀಟರ್ ಎಡಕ್ಕೆ" ಎಂದ.